ಐದಕ್ಕೆ ಐದು

ಬೇರೆ ಬೇರೆ ಸಂಸ್ಕೃತಿಗಳ ಬಳಕೆದಾರರನ್ನು ಮಾತನಾಡಿಸಿ ಗುಣಾತ್ಮಕ ಸಂಶೋಧನೆ ನಡೆಸುವುದು ಹೇಗೆಂಬ ಕೈಪಿಡಿಯೊಂದನ್ನು ಸಿದ್ಧಪಡಿಸುವ ಹೊಣೆ, ರಾಯಚೂರಿನವನೆಂಬ ಒಂದೇ ಅರ್ಹತೆಯ ಮೇಲೆ, ಬೆಂಗಳೂರಿನ ಕಚೇರಿಯಲ್ಲಿ ನನ್ನ ಕೊರಳಿಗೆ ಬಿತ್ತು. ಭತ್ತದ ಬೆಳೆಗೆ ಸಲಹೆ ನೀಡುವ ನಮ್ಮದೇ ಆ್ಯಪ್ ಹಿಡಿದು, ಕರಡನ್ನು ಪರೀಕ್ಷಿಸಲೆಂದು ಕೊಪ್ಪಳ ಜಿಲ್ಲೆಯ ಕಾರಟಗಿ ಸಮೀಪದ ಹಳ್ಳಿಯೊಂದಕ್ಕೆ ಹೋದೆ. ತುಂಗಭದ್ರಾ ಎಡದಂಡೆ ಕಾಲುವೆಯ ಸೀಮೆ, ಮಾತು ನಮ್ಮದೇ. ಸಂಸ್ಕೃತಿಯ ತೊಡಕು ನನಗೆಲ್ಲಿಂದ ಬಂದೀತು ಎಂಬ ಜಂಭವೂ ಕರಡಿನ ಜೊತೆಗೇ ಚೀಲದಲ್ಲಿತ್ತು.

ಮೊದಲು ಒಪ್ಪಿಗೆ ಪತ್ರಕ್ಕೆ ಸಹಿಯಾಗಬೇಕು. ನಾನು ಮಾತನಾಡಿಸಲು ಹೋಗಿದ್ದ ರೈತ ಅಜ್ಜನವರು ಅದನ್ನು ಶಾಲೆಗೆ ಹೋಗುವ ಮೊಮ್ಮಗಳಿಂದ ಓದಿಸಿದರು. "ನಿಮ್ಮ ಮಾಹಿತಿಯನ್ನು ಅನಾಮಧೇಯಗೊಳಿಸಲಾಗುವುದು" ಎಂಬಲ್ಲಿಗೆ ಬಂದಾಗ, "ಯಾಕ ತಮ್ಮಾ, ನಮಗ ಹೆಸರಿಲ್ಲೇನು?" ಎಂದು ಮುಖ ಗಂಟಿಕ್ಕಿದರು. ಸಹಿ ಹಾಕಿದರೆ ಹೊಲದ ಪಾಣಿಗೆ ಏನೂ ಆಗುವುದಿಲ್ಲವೆಂದು ನಾನು ಮೂರು ಸಲ ಆಣೆ ಮಾಡಬೇಕಾಯಿತು.

ಸಂದರ್ಶನವನ್ನು ಏಕಾಂತದಲ್ಲಿ ನಡೆಸಬೇಕೆಂಬುದು ಎರಡನೆಯ ನಿಯಮ. ಕಟ್ಟೆಯ ಮೇಲೆ ನಾವಿಬ್ಬರು ಕುಳಿತು ಚಹಾ ಬರುವಷ್ಟರಲ್ಲಿ ಏಳು ಜನರಾಗಿದ್ದೆವು. ಪರೀಕ್ಷೆಗೆ ಐದು ಬಳಕೆದಾರರು ಸಾಕೆಂದು ಬಳಕೆದಾರರ ಸಂಶೋಧನೆಯ ತಜ್ಞ ಯಾಕೋಬ್ ನೀಲ್ಸನ್ 2000ರಲ್ಲಿ ಬರೆದಿದ್ದರು. ಆ ಐವರೂ ಒಟ್ಟಿಗೇ ಉತ್ತರಿಸಿದರೆ ಏನು ಮಾಡಬೇಕೆಂಬುದು ನನ್ನ ಕರಡಿನಲ್ಲಿರಲಿಲ್ಲ.

ಪರದೆ ನೋಡುವಾಗ ಮನಸ್ಸಿಗೆ ಬಂದದ್ದನ್ನೆಲ್ಲ ಬಾಯಿಬಿಟ್ಟು ಹೇಳಿರೆಂದು ಕೇಳಿಕೊಂಡದ್ದು ನನ್ನ ದೊಡ್ಡ ತಪ್ಪು. 47 ನಿಮಿಷಗಳ ಧ್ವನಿಮುದ್ರಣದಲ್ಲಿ 40 ನಿಮಿಷ, 2024ರ ಆಗಸ್ಟ್ 10ರ ರಾತ್ರಿ ಚೈನು ತುಂಡಾಗಿ ಕೊಚ್ಚಿಹೋದ ತುಂಗಭದ್ರಾ ಜಲಾಶಯದ 19ನೇ ಗೇಟಿನದೇ ಕಥೆ. ಹರಿದುಹೋದ ನೀರನ್ನು ಅವರು ಲೆಕ್ಕ ಹಾಕುತ್ತಿದ್ದರೆ, ನಾನು "ವಿಷಯಾಂತರ" ಎಂದು ಅಂಚಿನಲ್ಲಿ ಗೀಚುತ್ತ ಕುಳಿತೆ. ರಾತ್ರಿ ಮತ್ತೆ ಕೇಳಿದಾಗಲೇ ತಿಳಿದದ್ದು, ಅವರು ವಿಷಯ ಬಿಟ್ಟಿರಲೇ ಇಲ್ಲವೆಂಬುದು. ನಮ್ಮ ಆ್ಯಪ್ ಎಲ್ಲರ ಹೊಲದಲ್ಲಿಯೂ ಬೋರ್‌ವೆಲ್ ಇದೆಯೆಂಬಂತೆ "ಇಂದು ನೀರು ಹಾಯಿಸಿ" ಎನ್ನುತ್ತಿತ್ತು. ಕಾಲುವೆಯ ಕೊನೆಯ ಭಾಗದವರಿಗೆ ನೀರು ಬರುವ ದಿನ ಅವರ ಕೈಯಲ್ಲಿಯೂ ಇಲ್ಲ, ಆ್ಯಪ್‌ನ ಕೈಯಲ್ಲಿಯೂ ಇಲ್ಲ.

ಕೊನೆಗೆ, ಅಮೆರಿಕದ ಮನಶ್ಶಾಸ್ತ್ರಜ್ಞ ರೆನ್ಸಿಸ್ ಲಿಕರ್ಟ್ 1932ರಲ್ಲಿ ರೂಪಿಸಿದ ಮಾಪನದ ಮಾದರಿಯಲ್ಲಿ, ಒಂದರಿಂದ ಐದರವರೆಗೆ ಅಂಕ ಕೊಡಿರೆಂದೆ. ಆ್ಯಪ್ ತೆರೆಯದೇ ಹೋದ ಒಬ್ಬರನ್ನೂ ಸೇರಿಸಿ ಎಲ್ಲರೂ ಐದು ಕೊಟ್ಟರು. ಯಾಕೆಂದು ಕೇಳಿದರೆ, "ಅಷ್ಟು ದೂರದಿಂದ ಬಂದವರನ್ನ ಮೂರು ಕೊಟ್ಟು ಕಳಸೂದು ಹೆಂಗ್ರಿ?" ಎಂದರು. ಈ ಸೌಜನ್ಯಕ್ಕೆ ಸಂಶೋಧನೆಯಲ್ಲಿ "ಪೂರ್ವಗ್ರಹ" ಎಂಬ ಹೆಸರಿದೆ. ಮಂಡಾಳ ಒಗ್ಗರಣಿ, ಮಿರ್ಚಿ ತಿಂದ ಬಾಯಿಂದ ಆ ಪದವನ್ನಾಡಲು ನನಗೆ ಮನಸ್ಸಾಗಲಿಲ್ಲ.

ರೆಕಾರ್ಡರ್ ಆರಿಸಿ ಚಪ್ಪಲಿ ಮೆಟ್ಟುತ್ತಿದ್ದಾಗ ಅಜ್ಜನವರು ಪಕ್ಕಕ್ಕೆ ಕರೆದು, ತಪ್ಪೊಪ್ಪಿಕೊಳ್ಳುವವರಂತೆ ದನಿ ತಗ್ಗಿಸಿದರು: "ತಮ್ಮಾ, ಅದನ್ನ ನಾ ನೋಡಂಗಿಲ್ಲ. ಹಿರೇ ಮೊಮ್ಮಗ ಅದಾನಲ್ಲ, ಅವ ನೋಡಿ ಫೋನ್ ಹಚ್ಚಿ ಹೇಳ್ತಾನ."

ಹಾಗಾದರೆ ಮಾತನಾಡಿಸಬೇಕಾದ ಬಳಕೆದಾರ ಅವನೇ. "ಅಜ್ಜಾರ, ಈಗ ಎಲ್ಲಿದಾನ್ರಿ ಅವ?" ಎಂದೆ.

"ಬೆಂಗಳೂರಾಗ," ಎಂದರು.