ಮೂರು ಸೀಟಿ

ಭಾನುವಾರ ಮನೆಯಾಕೆ ಪಕ್ಕದ ಗಲ್ಲಿಗೆ ಅರಿಶಿನ-ಕುಂಕುಮಕ್ಕೆ ಹೊರಟಳು. "ಬ್ಯಾಳಿ ಇಟ್ಟೀನ್ರಿ. ಮೂರು ಸೀಟಿ ಆದ ಮ್ಯಾಲೆ ಗ್ಯಾಸ್ ಬಂದ್ ಮಾಡ್ರಿ" ಅಂದಳು. ಮೂರರ ತನಕ ಎಣಿಸೋಕೆ ನನಗೆ ಬರುತ್ತದೆ ಅಂತ ಅವಳಿಗೂ ನಂಬಿಕೆ, ನನಗೂ ನಂಬಿಕೆ.

ಅಷ್ಟರಲ್ಲಿ ಅಕ್ಕನ ಮಗ ಬಂದ. ಅವನಿಗೆ ವಿಮಾನದ ಹುಚ್ಚು. ನಮ್ಮ ಮನೆ ಬೆಳಗಾವಿಯ ಸಾಂಬ್ರಾ ರಸ್ತೆಯಲ್ಲಿ ಬೇರೆ. 1942ರಲ್ಲಿ ಬ್ರಿಟಿಷರ ವಾಯುಪಡೆ ಕಟ್ಟಿದ ನಿಲ್ದಾಣಕ್ಕೆ ಇಳಿಯುವ ವಿಮಾನ ತಲೆ ಮೇಲೆ ಹಾದರೆ ಸಾಕು, ಇವನ ಬಾಯಿ ಶುರು.

"ಮಾಮಾ, ವಿಒಆರ್ ಅಂದ್ರ ಗೊತ್ತೇನು?"

ಗೊತ್ತಿರಲಿಲ್ಲ. ಹಾದಿಯಲ್ಲಿ ಕೈಮರ ಇರುತ್ತದಲ್ಲ, ಇದು ಆಕಾಶದವರ ಕೈಮರವಂತೆ. ನೆಲದ ಮೇಲಿನ ರೇಡಿಯೋ ಕೇಂದ್ರ. ನಮ್ಮ ಎಫ್‌ಎಂ 108 ಮೆಗಾಹರ್ಟ್ಜ್‌ಗೆ ಮುಗಿದರೆ, ಇವುಗಳ ಕಾರುಬಾರು ಅಲ್ಲಿಂದಾಚೆ. ಒಂದೊಂದೂ ತನ್ನ ಮೂರಕ್ಷರದ ಹೆಸರನ್ನು ಮೋರ್ಸ್ ಸಂಕೇತದಲ್ಲಿ, ಅಂದರೆ ಒಂದೊಂದು ಅಕ್ಷರಕ್ಕೂ ಉದ್ದ-ಗಿಡ್ಡ ಸದ್ದು ಜೋಡಿಸಿ, ಹೇಳಿಕೊಳ್ಳುತ್ತಲೇ ಇರುತ್ತದೆ. ತಾನು ಹಿಡಿದದ್ದು ಸರಿಯಾದ ಕೇಂದ್ರವೇ ಅಂತ ಪೈಲಟ್ ಕಿವಿಗೊಟ್ಟು ಖಾತ್ರಿ ಮಾಡಿಕೊಳ್ಳಬೇಕು.

"ನಾ ಹೆಸರು ಊದ್ತೀನಿ, ಸುಳಿವು ಕೊಡ್ತೀನಿ. ನೀ ಊರು ಹೇಳು" ಅಂದ. ತುಟಿ ಮುಂದೆ ಮಾಡಿ ಸೀಟಿ ಹೊಡೆದ. ಒಂದು ಉದ್ದ, ಮೂರು ಗಿಡ್ಡ. ಮತ್ತೆ ಅದೇ. ಮತ್ತೆ ಅದೇ.

"ಬಿ, ಬಿ, ಬಿ. ಊರಿನ ಹೆಸರು ಬದಲಾಗೇದ."

ಇಷ್ಟು ಸುಲಭಾನಾ? "ಬೆಳಗಾವಿ, ಬಾಗಲಕೋಟೆ, ಬಿಜಾಪುರ!"

ಹುಡುಗ ನನ್ನನ್ನು ಕನಿಕರದಿಂದ ನೋಡಿದ. "ಒಂದೇ ಊರು ಮಾಮಾ. ಸಮುದ್ರ ಅದ. 1995ರಾಗ ಹೆಸರು ಬದಲಾತು."

ಮುಂಬೈ. ಬಾಂಬೆ ಹೋದರೂ ಆ ಮೂರು 'ಬಿ' ಹೋಗಿಲ್ಲ. ನಮ್ಮೂರ ಬೋರ್ಡು 2014ರಲ್ಲಿ ಬದಲಾದರೂ ಬಸ್ಸಿನವರು ಇನ್ನೂ 'ಬೆಳಗಾಂವ್, ಬೆಳಗಾಂವ್' ಅಂತ ಕೂಗುವುದಿಲ್ಲವೇ, ಹಾಗೆ.

ಮುಂದಿನದು ಡಿ, ಪಿ, ಎನ್. "ಧಾರವಾಡ ಪೇಢಾ..." ಅಂದೆ. ಎನ್‌ಗೆ ಏನು ಮಾಡಬೇಕೋ ತಿಳಿಯಲಿಲ್ಲ. "1911ರಾಗ ಅದನ್ನ ರಾಜಧಾನಿ ಮಾಡ್ತೀವಿ ಅಂತ ಸಾರಿದ್ರು" ಅಂದ ಮೇಲೆ ದಿಲ್ಲಿ ಹೊಳೆಯಿತು. ಮೂರನೆಯದು ಎಂ, ಎಂ, ವಿ. 1639ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತಳ ಊರಿದ ಬಂಗಾಳ ಕೊಲ್ಲಿಯ ದಂಡೆ. ಮದ್ರಾಸ್, ಅಂದರೆ ಚೆನ್ನೈ! ಸುಳಿವು ಮುಗಿಯುವ ಮೊದಲೇ ಹೇಳಿಬಿಟ್ಟೆ. ಕುರ್ಚಿಯಿಂದ ಎದ್ದು ಕೈ ಕೂಡ ತಟ್ಟಿಕೊಂಡೆ.

ನಡುನಡುವೆ ಅಡುಗೆಮನೆಯಿಂದಲೂ ಸೀಟಿ ಬರುತ್ತಿತ್ತು. ಹುಡುಗನದು ಯಾವುದು, ಕುಕ್ಕರಿನದು ಯಾವುದು? ಒಂದು ಸಲವಂತೂ ಕುಕ್ಕರು ಉದ್ದಕ್ಕೆ ಕೂಗಿ, ಆಮೇಲೆ ಗಿಡ್ಡಗೆ ಮೂರು ಸಲ ಉಸ್ ಅಂದಿತು. "ಇದೂ ಬಿ!" ಅಂತ ನಾನೇ ಬೆರಳೆತ್ತಿದ್ದೆ.

ಗೇಟು ಕಿರ್ ಅಂದಿತು. ವಾಸನೆ ಬೀದಿಗೇ ಮುಟ್ಟಿತ್ತು ಅಂತ ಕಾಣುತ್ತದೆ, ಅವಳು ಮೂಗು ಮುಚ್ಚಿಕೊಂಡೇ ಒಳಗೆ ಬಂದಳು.

"ಎಷ್ಟು ಸೀಟಿ ಆತ್ರಿ?"

ನನಗಿಂತ ಮೊದಲು ಹುಡುಗನೇ ಉತ್ತರ ಕೊಟ್ಟ. "ಮೂರು ಸಿಟಿ ಆತು ಮಾಮಿ. ಮುಂಬೈ, ದಿಲ್ಲಿ, ಚೆನ್ನೈ."