ದುಬಾರಿ ಚೈನಿಗೆ ಕೊಡುವ ದುಡ್ಡು ಎಲ್ಲಿಗೆ ಹೋಗುತ್ತದೆ?

ಹನ್ನೆರಡು ಗೇರಿನ ಸೈಕಲ್ ಕೊಂಡ ಗೆಳೆಯರು ಮೊದಲ ಚೈನು ಸವೆದ ಕೂಡಲೇ ಒಂದು ಪ್ರಶ್ನೆ ಕೇಳುತ್ತಾರೆ: ಎರಡು ಮೂರು ಪಟ್ಟು ಬೆಲೆಯ ಚೈನು ಹಾಕಿಸಿದರೆ ಅದು ಅಷ್ಟೇ ಪಟ್ಟು ಹೆಚ್ಚು ಬಾಳುತ್ತದೆಯೇ? ನನ್ನ ಅಭಿಪ್ರಾಯದಲ್ಲಿ, ನಾವು ಕೊಡುವ ದುಡ್ಡು ಚೈನಿನ ಪಟ್ಟಿಗಳನ್ನು ಜೋಡಿಸುವ ಪಿನ್ನಿನ ಗಡಸುತನಕ್ಕೆ ಸಲ್ಲುವವರೆಗೆ ಸಾರ್ಥಕ. ಅದರಾಚೆಗಿನ ದುಡ್ಡೆಲ್ಲ ತೂಕಕ್ಕೂ ಬಣ್ಣಕ್ಕೂ ಕೊಟ್ಟದ್ದು.

ಚೈನು ಉದ್ದವಾಗುವುದು ಅದರ ಉಕ್ಕಿನ ಪಟ್ಟಿಗಳು ಎಳೆತಕ್ಕೆ ಹಿಗ್ಗುವುದರಿಂದಲ್ಲ. ಪ್ರತಿ ಕೀಲಿನಲ್ಲಿಯೂ ಪಿನ್ನು ಒಳಪಟ್ಟಿಯ ಅಂಚಿಗೆ ಉಜ್ಜಿ ಉಜ್ಜಿ ಸವೆಯುವುದರಿಂದ. ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಇರುವ ಅಂತರ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಅದರಲ್ಲಿ ಸರಾಸರಿ 0.06 ಮಿಲಿಮೀಟರ್ ಹೆಚ್ಚಾದರೂ ಸಾಕು, ಒಂದು ಅಡಿ ಉದ್ದದ ಚೈನು ಒಂದೂವರೆ ಮಿಲಿಮೀಟರ್ ಬೆಳೆದಿರುತ್ತದೆ. ಇದೇ ಶೇಕಡಾ 0.5ರ ಸವೆತ, ಹನ್ನೊಂದು, ಹನ್ನೆರಡು ಗೇರಿನ ಚೈನನ್ನು ಈ ಹಂತದಲ್ಲೇ ಬದಲಿಸುವುದು ಒಳ್ಳೆಯದು. ಎಂಟರಿಂದ ಹತ್ತು ಗೇರಿನವು 0.75ರವರೆಗೆ ತಡೆಯುತ್ತವೆ. ಅದನ್ನೂ ಮೀರಿ ಓಡಿಸಿದರೆ ಕ್ಯಾಸೆಟ್ಟಿನ, ಅಂದರೆ ಹಿಂದಿನ ಗಾಲಿಯ ಹಲ್ಲುಚಕ್ರಗಳ ಗೊಂಚಲಿನ, ಹಲ್ಲುಗಳೂ ಸವೆಯುತ್ತವೆ; ಆಮೇಲೆ ಹೊಸ ಚೈನು ಹಾಕಿಸಿದರೆ ಏರಿನಲ್ಲಿ ಒತ್ತಿ ತುಳಿದಾಗಲೆಲ್ಲ ಅದು ಹಲ್ಲಿನಿಂದ ಹಲ್ಲಿಗೆ ಜಾರುತ್ತದೆ. ಹನ್ನೆರಡು ಗೇರಿನ ಕ್ಯಾಸೆಟ್ಟಿನ ಬೆಲೆ ಗೊತ್ತಿದ್ದವರಿಗೆ ಸವೆತ ಅಳೆಯುವ ಗೇಜು ದುಬಾರಿ ಅನ್ನಿಸಲಾರದು.

ಸ್ರಾಮ್ ಕಂಪನಿಯ ಎಕ್ಸ್‌ಎಕ್ಸ್1 ಮತ್ತು ಎಕ್ಸ್01 ಈಗಲ್ ಚೈನುಗಳ ಪಿನ್ನುಗಳಿಗೆ ಗಟ್ಟಿ ಕ್ರೋಮಿನ ಲೇಪವಿದೆ. ಸವೆಯುವ ಜಾಗಕ್ಕೇ ರಕ್ಷಣೆ ಕೊಡುವುದರಿಂದ ಇಂಥದ್ದಕ್ಕೆ ಹೆಚ್ಚಿನ ಬೆಲೆ ತೆರುವುದು ನ್ಯಾಯವೆಂದು ನಾನು ಒಪ್ಪುತ್ತೇನೆ. ತೈವಾನಿನ ಕೆಎಂಸಿ ಚೈನುಗಳ ಚಿನ್ನದ ಬಣ್ಣ ಟೈಟೇನಿಯಂ ನೈಟ್ರೈಡ್ ಲೇಪದ್ದು. ಅದು ನೋಡಲು ಚೆಂದ, ತುಕ್ಕನ್ನೂ ತಡೆದೀತು. ಆದರೆ ನಮ್ಮ ಕಣ್ಣಿಗೆ ಕಾಣುವ ಹೊರಪಟ್ಟಿಯಲ್ಲಿ ಸವೆತ ನಡೆಯುವುದೇ ಇಲ್ಲವಲ್ಲ. ಟೊಳ್ಳು ಪಿನ್ನು, ಸೀಳು ಕೊರೆದ ಪಟ್ಟಿಗಳಿಂದ ಕಡಿಮೆಯಾಗುವುದು ಕೆಲವೇ ಗ್ರಾಂ. ನಂದಿ ಬೆಟ್ಟ ಹತ್ತುವ ಮೊದಲು ಬಾಟಲಿಯಿಂದ ಒಂದೆರಡು ಗುಟುಕು ನೀರು ಕುಡಿದರೂ ಅಷ್ಟು ಭಾರ ಇಳಿಯುತ್ತದೆ.

ಇಷ್ಟೆಲ್ಲ ಲೇಪಗಳಿಗಿಂತ ಬಾಳಿಕೆಯನ್ನು ಹೆಚ್ಚು ನಿರ್ಧರಿಸುವುದು ದೂಳು. ಮಲೆನಾಡಿನ ಮಳೆಯಲ್ಲಿ ಓಡಿಸಿ ಬಂದ ಚೈನನ್ನು ಬಟ್ಟೆಯಿಂದ ಒರೆಸಿ, ಬಟ್ಟೆಗೆ ಹತ್ತಿದ ಕಪ್ಪು ಮಸಿಯನ್ನು ಎರಡು ಬೆರಳುಗಳ ನಡುವೆ ತಿಕ್ಕಿ ನೋಡಿ. ಸಣ್ಣ ಮರಳು ಚುರುಚುರು ಎನ್ನುತ್ತದೆ. ಎಣ್ಣೆ ಆ ಮರಳನ್ನು ಪಿನ್ನಿನವರೆಗೂ ಒಯ್ದು ಮುಟ್ಟಿಸುತ್ತದೆ. ನಮ್ಮ ಹಿರಿಯರು ಓಡಿಸಿದ ಸೈಕಲ್ಲುಗಳಲ್ಲಿ ದಪ್ಪ ಚೈನು, ಒಂದೇ ಗೇರು, ಮೇಲಿಂದ ಪೂರ್ತಿ ಮುಚ್ಚುವ ತಗಡಿನ ಚೈನ್ ಕವರು ಇದ್ದವು. ಅವು ವರ್ಷಗಟ್ಟಲೆ ಬಾಳಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಬೇಸಿಗೆಯ ದೂಳಿಗೆ ಮೇಣವೇ ಸರಿ. ಹೊಸ ಚೈನಿನ ಗ್ರೀಸನ್ನು ಪೂರ್ತಿ ತೊಳೆದು ತೆಗೆದು, ಕುದಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟು ಕರಗಿಸಿದ ಪ್ಯಾರಾಫಿನ್ ಮೇಣದಲ್ಲಿ ಅದ್ದಿದರೆ, ಮೇಣ ಒಣಗಿ ಗಟ್ಟಿಯಾಗಿ ದೂಳನ್ನು ಹಿಡಿಯುವುದಿಲ್ಲ. (ಪಾತ್ರೆ ಯಾರದೆಂಬುದನ್ನು ಮನೆಯಲ್ಲಿ ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಕ್ಷೇಮ.) ಆದರೆ ಮೇಣಕ್ಕೆ ಮಳೆ ಆಗದು, ನೆನೆದ ಚೈನನ್ನು ಒಣಗಿಸಿ ಮತ್ತೆ ಅದ್ದದಿದ್ದರೆ ಬೇಗ ತುಕ್ಕು ಹಿಡಿಯುತ್ತದೆ. ಆದ್ದರಿಂದ ಮಳೆಗಾಲದಲ್ಲಿ ಎಣ್ಣೆ ಹಾಕಿ ಆಗಾಗ ಒರೆಸುವುದೇ ಸುಲಭ.

ನಡುದಾರಿಯಲ್ಲಿ ಚೈನು ತುಂಡಾಗುವುದು ಬೇರೆಯೇ ವಿಷಯ. ಅದಕ್ಕೂ ಬೆಲೆಗೂ ಸಂಬಂಧ ಕಡಿಮೆ. ಬಹುಮಟ್ಟಿಗೆ ತಪ್ಪಿರುವುದು ಜೋಡಣೆಯಲ್ಲಿ. ತೆಳ್ಳನೆಯ ಚೈನುಗಳಲ್ಲಿ ಪಿನ್ನಿನ ತುದಿಯನ್ನು ಬಡಿದು ಹೊರಪಟ್ಟಿಗೆ ಬಿಗಿದಿರುತ್ತಾರೆ. ಅದೇ ಪಿನ್ನನ್ನು ಹೊರತೆಗೆದು ಮತ್ತೆ ಒತ್ತಿದರೆ ಆ ಬಿಗಿ ಉಳಿಯುವುದಿಲ್ಲ, ಏರಿನಲ್ಲಿ ಬಲವಾಗಿ ತುಳಿಯುತ್ತಲೇ ಗೇರು ಬದಲಿಸಿದಾಗ ಪಟ್ಟಿ ಕಿತ್ತುಬರುತ್ತದೆ. ಚೈನಿನ ಎರಡು ತುದಿಗಳನ್ನು ಕೂಡಿಸುವ, ಬಿಚ್ಚಬಹುದಾದ ಕೊಂಡಿಗೆ ಕ್ವಿಕ್ ಲಿಂಕು ಎನ್ನುತ್ತಾರೆ; ಹನ್ನೊಂದು, ಹನ್ನೆರಡು ಗೇರಿನ ಕ್ವಿಕ್ ಲಿಂಕುಗಳನ್ನು ಒಮ್ಮೆ ಮಾತ್ರ ಬಳಸಬೇಕೆಂದು ಶಿಮಾನೋ ಮತ್ತು ಸ್ರಾಮ್ ಕಂಪನಿಗಳೆರಡೂ ಹೇಳುತ್ತವೆ. ಮೇಣ ಹಾಕುವವರು ಚೈನನ್ನು ಪದೇ ಪದೇ ಬಿಚ್ಚುವುದರಿಂದ ಲಿಂಕಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು. ದೂರದ ಸವಾರಿಗೆ ಹೊರಡುವವರು ತಮ್ಮ ಚೈನಿಗೆ ಹೊಂದುವ ಹೊಸ ಲಿಂಕೊಂದನ್ನು ಸೀಟಿನ ಕೆಳಗಿನ ಚೀಲದಲ್ಲಿ ಇಟ್ಟುಕೊಳ್ಳಲಿ. ಹತ್ತು ಗೇರಿನ ಲಿಂಕು ಹನ್ನೆರಡಕ್ಕೆ ಕೂರುವುದಿಲ್ಲ.