ನಮ್ಮ ಬೀದಿ ಮೋರಿ 'ಆನ್‌ಗೋಯಿಂಗ್' ಅಂತೆ!

ಮೋರಿ ಕೆಲಸ ಎಲ್ಲಿಗೆ ಬಂತು ಅಂತ ಕೇಳಲು ಬೆಳಿಗ್ಗೆ ಕಚೇರಿಗೆ ಹೋಗಿದ್ದೆ. ಯಾವ ಕಚೇರಿ ಅಂತ ಕೇಳಬೇಡಿ. ಅಲ್ಲಿದ್ದ ಹುಡುಗ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿ, "ನೋಡಿ ಸಾರ್, ಆನ್‌ಗೋಯಿಂಗ್ ಅಂತಿದೆ" ಅಂದ. ಅಷ್ಟೇ, ನನ್ನ ಅರ್ಜಿ ವಿಲೇವಾರಿ ಆಯ್ತು.

ನನ್ನಂಥ ಇಂಗ್ಲಿಷ್ ಮೇಷ್ಟ್ರ ಮುಂದೆ ಈ ಮಾತು ಆಡಬಾರದಿತ್ತು. ನನ್ನ ಬುದ್ಧಿ ನಿಮಗೆ ಗೊತ್ತಲ್ವಾ?

ಆ ಆನ್‌ಗೋಯಿಂಗ್ ಕೆಲಸದ ಚೆಂದ ಕೇಳಿ. ಗುಂಡಿಯಲ್ಲಿ ಕಂಬಿ ತುಕ್ಕು ಹಿಡಿದಿದೆ. ಜಲ್ಲಿ ರಾಶಿಯ ಮೇಲೆ ಪಾರ್ಥೇನಿಯಂ ಹೂ ಬಿಟ್ಟಿದೆ. ಪಕ್ಕದಲ್ಲೇ ನಾಯಿ ಮರಿ ಹಾಕಿ, ಆ ಮರಿಗಳು ಬೆಳೆದು ಈಗ ನಮಗೇ ಬೊಗಳುತ್ತಿವೆ. ಬೆಳವಣಿಗೆ ಆಗಿರುವುದು ಅವುಗಳದ್ದು ಮಾತ್ರ. 'ಕಾಮಗಾರಿ ಪ್ರಗತಿಯಲ್ಲಿದೆ' ಅನ್ನುವ ಬೋರ್ಡು ಕೂಡ ಒಂದು ಕಡೆ ವಾಲಿದೆ.

ಆನ್‌ಗೋಯಿಂಗ್ ಅಂದರೆ ಶುರುವಾಗಿದೆ, ಮುಗಿದಿಲ್ಲ, ಈಗಲೂ ನಡೆಯುತ್ತಿದೆ ಅಂತ. 'ಗೋಯಿಂಗ್' ಪದದ ಒಳಗೇ ಕೂತಿದೆಯಲ್ಲ ಸ್ವಾಮಿ! ದಿನಾ ಮಾತ್ರೆ ನುಂಗುವವನ ಚಿಕಿತ್ಸೆ ಆನ್‌ಗೋಯಿಂಗ್. ಮಳೆಗಾಲದಲ್ಲಿ ಹೇಮಾವತಿ ಎಡೆಬಿಡದೆ ಹರಿಯುತ್ತಾಳೆ, ಅದು ಕಂಟಿನ್ಯುಯಸ್. ಬಿಟ್ಟು ಬಿಟ್ಟು ಬರುವ ಮಳೆ ಕಂಟಿನ್ಯುಯಲ್. ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕ 2006ರಲ್ಲಾಯ್ತು, 12 ವರ್ಷ ಬಿಟ್ಟು 2018ರಲ್ಲಾಯ್ತು. ಅದು ರಿಕರಿಂಗ್. ಇಷ್ಟೆಲ್ಲಾ ಇರುವಾಗ ನಿಂತು ಹೋದದ್ದಕ್ಕೂ ಆನ್‌ಗೋಯಿಂಗ್ ಅಂದರೆ ಹೇಗೆ? ಹಳೇಬೀಡಿನ ಹೊಯ್ಸಳೇಶ್ವರ ಗುಡಿ ಶುರುವಾದದ್ದು 12ನೇ ಶತಮಾನದಲ್ಲಿ, ಕೆಲಸ ಪೂರ್ತಿಯಾಗಲೇ ಇಲ್ಲ. ಇವರ ಲೆಕ್ಕದಲ್ಲಿ ಅದೂ ಆನ್‌ಗೋಯಿಂಗ್! ಇನ್ನು ಕೆಲವರು 'ಸ್ಟಿಲ್ ಆನ್‌ಗೋಯಿಂಗ್' ಅಂತ ಒಗ್ಗರಣೆ ಬೇರೆ ಹಾಕುತ್ತಾರೆ. ಆ 'ಸ್ಟಿಲ್' ಯಾಕೆ ಬೇಕು ಅಂತ ಕೇಳಿದರೆ ನಾನು ಕಿರಿಕ್ಕು ಪಾರ್ಟಿ.

"ಮುಗಿದಿಲ್ಲ ಅನ್ನುವ ಅರ್ಥವೂ ಡಿಕ್ಷನರಿಯಲ್ಲಿದೆ, ನಡುವೆ ನಿಲ್ಲಬಹುದು" ಅಂತ ಗೆಳೆಯರೊಬ್ಬರ ವಾದ. ಇರಲಿ. ಮಳೆಗೆ ನಿಲ್ಲಲಿ, ಹಬ್ಬಕ್ಕೆ ನಿಲ್ಲಲಿ, ಯಾರು ಬೇಡ ಅಂದರು? ಗುತ್ತಿಗೆದಾರ ಮಿಕ್ಸರ್ ಸಮೇತ ಬೇರೆ ಊರಿಗೆ ಹೋದ ಮೇಲೂ ಅದೇ ಪದವಾ? ಅದಕ್ಕೆ ಪೆಂಡಿಂಗ್ ಅಂತ ಪದ ಇದೆಯಪ್ಪ. ಸರ್ಕಾರಿ ಕಚೇರಿಗೆ ಪೆಂಡಿಂಗ್ ಅನ್ನುವ ಪದವನ್ನು ನಾನು ಹೇಳಿಕೊಡಬೇಕೇ!

ನಿಜ ಹೇಳಬೇಕೆಂದರೆ ಇದು ಬರೀ ಪದದ ಸಿಟ್ಟಲ್ಲ. ಗೇಟಿನ ಮುಂದೆ ಮೋರಿ ದಾಟಲು ಒಂದು ಹಲಗೆ ಹಾಕಿದ್ದೇವೆ. ಕಾಲಿಟ್ಟರೆ ಅಲ್ಲಾಡುತ್ತದೆ. ಅಮ್ಮನಿಗೆ ಹೆದರಿಕೆ. ಗುಡಿಗೆ ಹೋಗುವುದನ್ನೇ ಬಿಟ್ಟಿದ್ದಾರೆ. ಸಂಜೆ ಜಗುಲಿಯಲ್ಲಿ ಕೂತು, "ಯಾವಾಗ ಮುಗಿಸ್ತಾರಂತೆ ಮಗಾ?" ಅಂತ ಕೇಳುತ್ತಾರೆ. ಅವರಿಗೆ ಆನ್‌ಗೋಯಿಂಗ್ ಅನ್ನಲೇ?

ಆ ಕಂಪ್ಯೂಟರಿನಲ್ಲಿ 'ಮುಗಿಯುವ ದಿನಾಂಕ' ಅಂತ ಇನ್ನೊಂದು ಕಾಲಂ ಇತ್ತು. ಖಾಲಿ. ಸೋಮವಾರ ಮತ್ತೆ ಹೋಗುತ್ತೇನೆ, ಅದನ್ನು ತುಂಬಿಸದೆ ಎದ್ದು ಬರಲ್ಲ. ನಮ್ಮ ಬೀದಿಯವರು ಯಾರಾದರೂ ಬರುವುದಿದ್ದರೆ ಹನ್ನೊಂದಕ್ಕೆ ಬನ್ನಿ. ಅದಕ್ಕೆ ಮುಂಚೆ ಬಂದರೆ ಅಲ್ಲಿ ಫ್ಯಾನ್ ಮಾತ್ರ ಆನ್‌ಗೋಯಿಂಗ್ ಇರುತ್ತದೆ.